ದೋಷಕ್ಕೂ ಒಂದು ವ್ಯಾಕರಣ ಬೇಕು

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದ ಅಪರಿಚಿತವಲ್ಲ. ಒಂಬತ್ತನೆಯ ಶತಮಾನದ ಆ ಗ್ರಂಥವು ಕಾವ್ಯದೋಷವನ್ನು ಬರಿದೆ ಹಳಿಯುವುದಿಲ್ಲ. ದೋಷವನ್ನು ಹೆಸರಿಸುತ್ತದೆ, ಅದಿರುವ ಪದ್ಯವನ್ನು ಮುಂದಿಡುತ್ತದೆ, ಹಲವೆಡೆ ತಿದ್ದಿದ ರೂಪವನ್ನೂ ಕೊಡುತ್ತದೆ. ಬಗೆ, ನೆಲೆ, ಪರಿಹಾರ ಎಂಬ ಈ ವಿಂಗಡಣೆ ಇಂದಿನ ಗಣಕ ತಂತ್ರಾಂಶಕ್ಕೂ ಅಗತ್ಯವಾಗಿದೆ.

ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತರುವುದು ಕಂಪೈಲರ್. ಅದರ ಭಾಗಗಳನ್ನು ಇತರ ತಂತ್ರಾಂಶಗಳೂ ಬಳಸುವಂತೆ ಕಟ್ಟಿಟ್ಟರೆ ಅದು ಲೈಬ್ರರಿ. ಪ್ರೋಗ್ರಾಮಿನಲ್ಲಿ ತಪ್ಪು ಕಂಡೊಡನೆ ಇಂಗ್ಲಿಷ್ ವಾಕ್ಯವೊಂದನ್ನು ಮುದ್ರಿಸಿ ಕೆಲಸ ನಿಲ್ಲಿಸುವ ಲೈಬ್ರರಿ ತನ್ನ ಅಧಿಕಾರವನ್ನು ಮೀರುತ್ತದೆ. ಅದು ದೋಷವನ್ನು ವಾಕ್ಯವಾಗಿ ಅಲ್ಲ, ಮಾಹಿತಿಯಾಗಿ ಒಪ್ಪಿಸಬೇಕು: ದೋಷದ ಬಗೆ, ಕಡತದಲ್ಲಿ ಅದರ ಸ್ಥಾನ, ಸಂಬಂಧಪಟ್ಟ ಹೆಸರುಗಳು, ಸಾಧ್ಯವಾದರೆ ತಿದ್ದುಪಡಿ. ವಾಕ್ಯರಚನೆ ಕೊನೆಯ ಹಂತದ ಕೆಲಸ. ಅದು ಓದುವವರ ಭಾಷೆಯಲ್ಲಿ ಆಗಬೇಕು. ಈ ದಾರಿ ಹೊಸದಲ್ಲ. ರಸ್ಟ್ ಭಾಷೆಯ ಕಂಪೈಲರ್, ಸಂಖ್ಯೆ ಇರಬೇಕಾದಲ್ಲಿ ಪಠ್ಯ ಬಂದಂಥ ದೋಷವನ್ನು ‘ಇ0308’ ಎಂಬ ಸ್ಥಿರ ಸಂಕೇತದಿಂದ ಗುರುತಿಸುತ್ತದೆ.

ಕನ್ನಡಕ್ಕೆ ಇದು ಇನ್ನಷ್ಟು ಮುಖ್ಯ. ಇಂಗ್ಲಿಷಿನ ಸಿದ್ಧ ವಾಕ್ಯದ ನಡುವೆ ಹೆಸರೊಂದನ್ನು ಸೇರಿಸಿದರೆ ಸಾಕಾಗಬಹುದು, ಕನ್ನಡದಲ್ಲಿ ಸಾಲದು. ‘ಮರ’ವು ‘ಮರವನ್ನು’ ಆಗುತ್ತದೆ, ‘ಮನೆ’ಯು ‘ಮನೆಯನ್ನು’, ‘ಊರು’ ‘ಊರನ್ನು’. ಪ್ರಕೃತಿಯ ಕೊನೆಯ ಸ್ವರವನ್ನು ನೋಡಿಯೇ ವಿಭಕ್ತಿ ಪ್ರತ್ಯಯ ಸೇರುತ್ತದೆ. ಹೆಸರು ಪ್ರತ್ಯೇಕವಾಗಿ ದೊರೆತರೆ ‘ಮೊತ್ತ ಎಂಬ ಹೆಸರನ್ನು ಎಲ್ಲಿಯೂ ಘೋಷಿಸಿಲ್ಲ’ ಎಂದು ಸಹಜವಾಗಿ ಬರೆಯಬಹುದು. ‘ಎಂಬ’ ಎಂಬ ಪುಟ್ಟ ಪದವೇ ಸಂಧಿಯ ತೊಡಕನ್ನು ಬಿಡಿಸುತ್ತದೆ. ಸ್ಥಾನದ ವಿಷಯವೂ ಸೂಕ್ಷ್ಮವಾದುದು. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ; ಯುನಿಕೋಡ್‌ನಲ್ಲಿ 6 ಸಂಕೇತಗಳು, ಯುಟಿಎಫ್-8ರಲ್ಲಿ 18 ಬೈಟ್‌ಗಳು. ಬೈಟ್ ಎಣಿಸಿ ಗುರುತು ಹಾಕಿದರೆ ನಿರ್ದೋಷವಾದ ಪದದ ಕೆಳಗೆ ಗೆರೆ ಬೀಳುತ್ತದೆ.

ಈ ಮಾತಿನ ಭಾರ ಗಡಿನಾಡಿನಲ್ಲಿ ಹೆಚ್ಚು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆದವಾನಿ ಸೀಮೆಯ ಹಾಲಹರವಿಯಲ್ಲಿ ಕನ್ನಡ ಮನೆಮಾತಿನ ವಿದ್ಯಾರ್ಥಿಗೆ ಆಡಳಿತದ ನುಡಿ ತೆಲುಗು, ಗಣಕದ ನುಡಿ ಇಂಗ್ಲಿಷ್. ತಪ್ಪು ಎಲ್ಲಿದೆ ಎಂಬುದೇ ತಿಳಿಯದಿದ್ದರೆ ಆ ವಿದ್ಯಾರ್ಥಿ ತನ್ನ ಬುದ್ಧಿಯನ್ನೇ ಶಂಕಿಸುವ ಸಂಭವವಿದೆ. ಕೊರತೆ ಇರುವುದು ಸಂದೇಶದಲ್ಲಿ. ದೋಷ ಮಾಹಿತಿಯಾಗಿ ಬಂದರೆ ಅದನ್ನು ಕನ್ನಡದಲ್ಲೂ ಹೇಳಬಹುದು, ತೆಲುಗಿನಲ್ಲೂ ಹೇಳಬಹುದು, ಲೈಬ್ರರಿಯನ್ನು ಮುಟ್ಟಬೇಕಾಗಿಲ್ಲ.

ಇಂಗ್ಲಿಷ್ ಸಂದೇಶವಿದ್ದರೆ ಜಗತ್ತಿನಾದ್ಯಂತ ಪರಿಹಾರ ಹುಡುಕುವುದು ಸುಲಭವೆಂಬ ಆಕ್ಷೇಪ ನಿರಾಧಾರವಲ್ಲ. ಆದರೆ ಹುಡುಕಾಟಕ್ಕೆ ಬೇಕಾದುದು ಬದಲಾಗದ ಗುರುತು. ದೋಷದ ಸಂಕೇತ ಅದನ್ನು ಯಾವ ಭಾಷೆಯಲ್ಲಿಯೂ ಉಳಿಸಿಕೊಡುತ್ತದೆ. ಅನುವಾದ ಕೆಟ್ಟರೆ ಗೊಂದಲ ಹೆಚ್ಚೀತೆಂಬ ಭಯವೂ ನಿಜ. ಅದಕ್ಕೆ ಉತ್ತರ ಅನುವಾದವನ್ನು ಕೈಬಿಡುವುದಲ್ಲ, ಬಲ್ಲವರ ಕೈಗೆ ಒಪ್ಪಿಸುವುದು. ದೋಷವನ್ನು ವಿಂಗಡಿಸಿಕೊಡುವುದು ತಂತ್ರಜ್ಞರ ಹೊಣೆ. ಅದನ್ನು ನೋಯಿಸದಂತೆ, ತಪ್ಪದಂತೆ ಕನ್ನಡದಲ್ಲಿ ಹೇಳುವುದು ವಿಭಕ್ತಿ, ಸಂಧಿ, ವಾಕ್ಯಗಳನ್ನು ಓದಿದ ಕನ್ನಡ ವಿದ್ಯಾರ್ಥಿಗಳ ಹೊಣೆ. ತರಗತಿಯ ವ್ಯಾಕರಣಕ್ಕೆ ಇಲ್ಲೊಂದು ನಿಜವಾದ ಕೆಲಸ ಕಾದಿದೆ.