ಪಟಕ್ಕೆ ಮಾಲೆ ಹಾಕಿ ಸುಮ್ಮನೆ ಕುಳಿತದ್ದೇಕೆ?

ಕಳೆದ ಅಕ್ಟೋಬರ್ 11ರಂದು ನಮ್ಮ ಪಕ್ಷದ ಕಚೇರಿಯಲ್ಲಿ ಜಯಪ್ರಕಾಶ ನಾರಾಯಣರ ಜಯಂತಿ ನಡೆಯಿತು. ಮಾಸ್ತರಿಕೆ ಬಿಟ್ಟು ಈ ಕೆಲಸಕ್ಕೆ ಬಂದ ಮೊದಲ ವರ್ಷ ಅವರ ವಿಷಯವಾಗಿ ಒಂದು ತಾಸು ಮಾತನಾಡಿದ್ದೆ. ಮರುವರ್ಷ ಅರ್ಧ ತಾಸು. ಈ ಸಲ ಪಟಕ್ಕೆ ಮಾಲೆ ಹಾಕಿ ಕುಳಿತುಬಿಟ್ಟೆ. ಮೆಟ್ಟಿಲಿಳಿಯುವಾಗ ಎರಡನೇ ಪಾಳಿಗೆ ಹೊರಟಿದ್ದ ಗಿರಣಿಯ ಗೆಳೆಯರೊಬ್ಬರು, "ಏನ್ ಮಾಸ್ತರೇ, ಜೆ.ಪಿ. ಮೇಲೆ ಸಿಟ್ಟೇ?" ಎಂದರು. ಅವರಿಗೆ ಹೊತ್ತಾಗಿತ್ತು. ಉತ್ತರವನ್ನು ಇಲ್ಲಿ ಕೊಡುತ್ತೇನೆ.

ಸಿಟ್ಟು ಹೌದು. 1942ರ ದೀಪಾವಳಿಯ ರಾತ್ರಿ ಹಜಾರಿಬಾಗ್ ಜೈಲಿನ ಗೋಡೆ ಹಾರಿದವರನ್ನು, ಮಂತ್ರಿಗಿರಿಗೆ ಆಸೆಪಡದವರನ್ನು ಅಪ್ರಾಮಾಣಿಕರೆನ್ನುವ ನಾಲಗೆ ನನಗಿಲ್ಲ. ಯಾವುದು ಮೊದಲಾಗಬೇಕಿತ್ತೋ ಅದನ್ನೇ ಅವರು ಕೈಬಿಟ್ಟರು ಎಂಬುದೊಂದೇ ನನ್ನ ತಕರಾರು. ಓದಿದಷ್ಟೂ ಅದು ಬಲಿಯುತ್ತಿದೆ.

1952ರ ಚುನಾವಣೆಯನ್ನು ನೋಡಿ. ಲೋಕಸಭೆಯಲ್ಲಿ ಸಮಾಜವಾದಿ ಪಕ್ಷಕ್ಕೆ ಸಿಕ್ಕಿದ್ದು 12 ಸ್ಥಾನ. ಭಾರಿ ಸೋಲೆಂದು ನಮ್ಮವರೇ ತಲೆಯ ಮೇಲೆ ಕೈಹೊತ್ತು ಕುಳಿತರು. ಆದರೆ ನೂರಕ್ಕೆ ಹತ್ತಕ್ಕೂ ಮಿಕ್ಕಿ ಮತ ಬಿದ್ದಿತ್ತು. ಕಾಂಗ್ರೆಸ್ಸನ್ನು ಬಿಟ್ಟರೆ ಅಷ್ಟು ಮತ ಬೇರಾವ ಪಕ್ಷಕ್ಕೂ ಬಿದ್ದಿರಲಿಲ್ಲ. ಆ ವರ್ಷವೇ ಕೃಪಲಾನಿಯವರ ಪಕ್ಷವೂ ಕೂಡಿಕೊಂಡು ಪ್ರಜಾ ಸಮಾಜವಾದಿ ಪಕ್ಷವಾಯಿತು. ಅಂಗಡಿಯಿಟ್ಟ ಮೊದಲ ವರ್ಷವೇ ಊರಿನ ಎರಡನೆಯ ಅಂಗಡಿಯಾದವನು ಬೀಗ ಹಾಕಿಕೊಂಡು ಹೋಗುತ್ತಾನೆಯೆ? ಪೇಟೆಯ ಗೆಳೆಯರೇ ಹೇಳಲಿ.

1953ರಲ್ಲಿ ನೆಹರೂ ಸಹಕಾರ ಕೇಳಿ ಕರೆದಾಗ ಜೆ.ಪಿ. 14 ಅಂಶಗಳನ್ನು ಬರೆದು ಮುಂದಿಟ್ಟರು. ಬ್ಯಾಂಕು, ವಿಮೆ, ಗಣಿಗಳ ರಾಷ್ಟ್ರೀಕರಣ, ಭೂಮಿಯ ಮರುಹಂಚಿಕೆ ಎಲ್ಲವೂ ಅದರಲ್ಲಿತ್ತು. ನೆಹರೂ ಒಪ್ಪಲಿಲ್ಲ. ಒಳ್ಳೆಯದೇ ಆಯಿತು, ಇನ್ನು ಆ ಪಟ್ಟಿ ಹಿಡಿದು ಗಿರಣಿ ಗೇಟಿಗೆ, ಗದ್ದೆಯ ಬದುವಿಗೆ ಹೊರಡಬೇಕಿತ್ತು. ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿದ್ದವರು ಅವರು. ಕರೆದರೆ ಬರುವ ಜನ ಬೆನ್ನಿಗಿತ್ತು. 1954ರ ಏಪ್ರಿಲಿನಲ್ಲಿ ಬೋಧಗಯೆಯ ಸರ್ವೋದಯ ಸಮ್ಮೇಳನದಲ್ಲಿ ಅವರು ಜೀವದಾನ ಘೋಷಿಸಿ ಭೂದಾನಕ್ಕೆ ನಡೆದರು.

ನಾಲ್ಕೇ ತಿಂಗಳಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ನಮ್ಮದೇ ಮಂತ್ರಿಮಂಡಲದ ಪೋಲೀಸರು ಜನರ ಮೇಲೆ ಗುಂಡು ಹಾರಿಸಿದರು. ರಾಜೀನಾಮೆ ಕೊಡಿ ಎಂದರು ಲೋಹಿಯಾ. ಕೊಡುವುದಿಲ್ಲ ಎಂದಿತು ಮಂತ್ರಿಮಂಡಲ. ಜಗಳ ಬೆಳೆದು 1955ರ ಕೊನೆಗೆ ಪಕ್ಷ ಒಡೆಯಿತು. ಇಬ್ಬರನ್ನೂ ಒಂದು ಚಾಪೆಯ ಮೇಲೆ ಕೂರಿಸಬಲ್ಲವರು, ನನಗೆ ತೋರಿದಂತೆ, ಒಬ್ಬರೇ ಇದ್ದರು. ಅವರು ಜಮೀನುದಾರರ ಮನವೊಲಿಸಲು ಹಳ್ಳಿ ಸುತ್ತುತ್ತಿದ್ದರು.

ಭೂದಾನದ ಫಲವೇನಾಯಿತು? 1957ರೊಳಗೆ 5 ಕೋಟಿ ಎಕರೆ ಎಂದರು ವಿನೋಬಾ. ಕೊನೆಗೆ ಕಾಗದದ ಮೇಲೆ ಬಂದದ್ದು ಸುಮಾರು 42 ಲಕ್ಷ ಎಕರೆ, ಅದರಲ್ಲೂ ಕಲ್ಲುಭೂಮಿ, ವ್ಯಾಜ್ಯದ ಭೂಮಿ ಬೇಕಾದಷ್ಟು. (ಕೊಟ್ಟವರೆಲ್ಲ ಕಳ್ಳರೆಂದಲ್ಲ, ಪುಣ್ಯಾತ್ಮರೂ ಇದ್ದರು.) ಪೋಚಂಪಳ್ಳಿಯಲ್ಲಿ ಭೂದಾನ ಹುಟ್ಟಿದ್ದು 1951ರ ಏಪ್ರಿಲಿನಲ್ಲಿ. ಅದೇ ತಿಂಗಳು ನಮ್ಮ ನಾಡಿನ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಧಣಿಗಳು ಗೇಣಿಬತ್ತ ಅಳೆಯುವ ದೊಡ್ಡ ಕೊಳಗದ ವಿರುದ್ಧ ಎದ್ದು ನಿಂತರು, ಗದ್ದೆಗಿಳಿದು ಜೈಲು ಸೇರಿದರು. ಲೋಹಿಯಾ ಬಂದು ಬಂಧಿತರಾದರು. ಅಲ್ಲಿ ಯಾರೂ ಧಣಿಯ ಹೃದಯ ಕರಗಲೆಂದು ಕಾಯಲಿಲ್ಲ. ಕೊನೆಗೆ ಕರ್ನಾಟಕದ ಗೇಣಿದಾರನಿಗೆ ಭೂಮಿ ಬಂದದ್ದು 1974ರ ಕಾನೂನಿನಿಂದ. ಡಿಕ್ಲರೇಷನ್ ಹಾಕಿ, ನ್ಯಾಯಮಂಡಳಿಯ ಮುಂದೆ ಧಣಿಗೆ ಎದುರಾಗಿ ನಿಂತು ಪಡೆದದ್ದು.

ಚಂದಾ ಕೊಡಲು ಎಂದೂ ಮರೆಯದ ಕಿರಾಣಿ ಅಂಗಡಿಯ ಹಿರಿಯರೊಬ್ಬರು ಇದನ್ನು ಕೇಳಿ, "ಅವರು ಸಂತರಪ್ಪಾ, ಸಂತರ ಲೆಕ್ಕ ಬರೆಯಬಾರದು" ಎಂದರು. ಅಲ್ಲೇ ತೊಡಕಿರುವುದು ಯಜಮಾನರೇ. ಸಂತರಾಗಿ ಹುಟ್ಟಿದ್ದರೆ ನಾವು ಕೈಮುಗಿದು ಸುಮ್ಮನಿರುತ್ತಿದ್ದೆವು. ಅವರು ನಮ್ಮ ಮುಂದಾಳಾಗಿದ್ದರು. ಅವರ ಮಾತು ನಂಬಿ ಸಂಘ ಕಟ್ಟಿ ಕೆಲಸ ಕಳೆದುಕೊಂಡವನಿಗೆ ಬೋಧಗಯೆಯಲ್ಲಿ ಜಾಗವಿರಲಿಲ್ಲ.

ಅವರು ಮರಳಿ ಬಂದದ್ದೂ ನಿಜ. 1974ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಬಿಹಾರದ ಬೀದಿಗಿಳಿದರು. 1975ರ ಸೆರೆಯಲ್ಲಿ ಮೂತ್ರಪಿಂಡ ಕಳೆದುಕೊಂಡರು. ತುರ್ತುಪರಿಸ್ಥಿತಿಯಲ್ಲಿ ನೂರಕ್ಕೆ 8.33ರಿಂದ 4ಕ್ಕಿಳಿದ ಕನಿಷ್ಠ ಬೋನಸ್ಸು 1977ರ ಜನತಾ ಸರಕಾರದಲ್ಲಿ ಮತ್ತೆ 8.33 ಆಯಿತು. ಆ ಸರಕಾರ ಬಂದದ್ದು ಅವರಿಂದ. ಗಿರಣಿಯವರು ಆ ಋಣ ಮರೆಯಬಾರದು. ಆದರೆ ಆಗ ಅವರಿಗೆ ಹೆಸರಿತ್ತು, ಕೈಯಲ್ಲಿ ಸ್ವಂತ ಸಂಘಟನೆಯಿರಲಿಲ್ಲ. ಗೆದ್ದವರು ಅವರ ಮಾತನ್ನು ಬೇಕಾದಾಗ ಕೇಳಿದರು, ಬೇಡವಾದಾಗ ಬಿಟ್ಟರು. 1979ರ ಜುಲೈಯಲ್ಲಿ ಸರಕಾರ ಬಿತ್ತು, ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅದನ್ನು ಓದುವಾಗಲೆಲ್ಲ 1954ರಿಂದಾಚೆಗಿನ ಇಪ್ಪತ್ತು ವರ್ಷ ನನ್ನ ಕಣ್ಣಿಗೆ ಕಟ್ಟುತ್ತದೆ.

ಹಾಗಾದರೆ ಪಟ ಇಳಿಸೋಣವೇ ಎಂದು ಹುಡುಗನೊಬ್ಬ ಕೇಳಿದ. ಬೇಡ, ಇರಲಿ. ಬರುವ ಅಕ್ಟೋಬರಿಗೆ ಮಾಲೆ ನಾನೇ ತರುತ್ತೇನೆ, ಪೂರಾ ಒಂದು ತಾಸು ಮಾತನ್ನೂ ಆಡುತ್ತೇನೆ. ಹಜಾರಿಬಾಗಿನ ಗೋಡೆಯಿಂದಲ್ಲ, ಬೋಧಗಯೆಯಿಂದ ಶುರುಮಾಡುತ್ತೇನೆ. ಎರಡನೇ ಪಾಳಿಯವರಿಗೂ ಅನುಕೂಲವಾಗುವಂತೆ ಸಭೆಯನ್ನು ಬೆಳಿಗ್ಗೆಯೇ ಇಟ್ಟುಕೊಳ್ಳೋಣ.