ಕಬ್ಬಿಣದ ಗುಳಿಗೆ ಸಾಲದು

2009ರ ನವೆಂಬರಿನಲ್ಲಿ ಕೈಗಾ ಅಣುಸ್ಥಾವರದ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಬೆರೆತ ಭಾರಜಲವನ್ನು ಸುರಿದಿದ್ದು ಬಯಲಾಯಿತು. 50ಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಅದು ಕಂಡಿತು. ಟ್ರಿಟಿಯಂ ಬಹುಪಾಲು ಕೆಲವು ವಾರಗಳಲ್ಲೇ ದೇಹದಿಂದ ಹೊರಹೋಗುತ್ತದೆ, ನಿಜ. ಅಲ್ಲಿಗೆ ಕಡತ ಮುಚ್ಚಬಹುದೆಂಬ ವಾದ ಮಾತ್ರ ಒಪ್ಪತಕ್ಕದ್ದಲ್ಲ. ವಿಕಿರಣ ತೊಲಗಿದರೂ ಅಸ್ಥಿಮಜ್ಜೆಗೆ ಆದ ಗಾಯ ಉಳಿಯಬಲ್ಲದು.

ಹಿರೋಶಿಮಾ, ನಾಗಾಸಾಕಿಗಳಲ್ಲಿ ಬದುಕುಳಿದವರಲ್ಲಿ ರಕ್ತದ ಕ್ಯಾನ್ಸರ್ ಕೆಲವೇ ವರ್ಷಗಳಲ್ಲಿ ಏರಿತು. ಮಜ್ಜೆಯಲ್ಲಿ ರಕ್ತಕಣಗಳು ಸರಿಯಾಗಿ ಬಲಿಯದ ಎಂ.ಡಿ.ಎಸ್. ಎಂಬ ಕಾಯಿಲೆಯಾದರೋ ನಾಗಾಸಾಕಿಯವರನ್ನು 40 ವರ್ಷಗಳ ನಂತರವೂ ಕಾಡಿತು. ಬಾಂಬಿಗೂ ಸ್ಥಾವರಕ್ಕೂ ಹೋಲಿಕೆ ಸಲ್ಲದೆನ್ನುವವರು 2015ರ ಅಧ್ಯಯನವನ್ನು ನೋಡಲಿ. ಫ್ರಾನ್ಸ್, ಬ್ರಿಟನ್, ಅಮೆರಿಕಗಳ 3 ಲಕ್ಷಕ್ಕೂ ಮಿಕ್ಕ ಅಣು ಕಾರ್ಮಿಕರಲ್ಲಿ, ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ತಗಲಿದ ವಿಕಿರಣವೂ ರಕ್ತದ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸಿತ್ತು. ಹೆಚ್ಚಳ ಅಲ್ಪ, ಶೂನ್ಯವಲ್ಲ.

ಹಾವೇರಿ, ರಾಣೆಬೆನ್ನೂರುಗಳಿಗೆ ಕೈಗಾ ದೂರದ ಕಾಡಿನ ಸುದ್ದಿ. ಆದರೆ ಗುತ್ತಿಗೆಯ ಕೂಲಿಗೆ ಎಲ್ಲಿಗೇ ಹೋದವನೂ ಮುಪ್ಪಿನಲ್ಲಿ ಮರಳುವುದು ತನ್ನ ಊರಿಗೇ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರಲಾರದೆ ಏದುಸಿರು ಬಿಡುವ ಹಿರಿಯನಿಗೆ ‘ರಕ್ತ ಕಡಿಮೆಯಾಗಿದೆ’ ಎಂದು ಕಬ್ಬಿಣದ ಗುಳಿಗೆ ಕೊಡುತ್ತಾರೆ. (ಎಂ.ಡಿ.ಎಸ್.ಗೆ ಅದು ಮದ್ದಲ್ಲ.) ಮೂವತ್ತು ವರ್ಷಗಳ ಹಿಂದೆ ಎಲ್ಲಿ ದುಡಿದಿರಿ ಎಂದು ಕೇಳುವವರಾರು?

ಎದೆಯ ಬಿಲ್ಲೆಯೂ ಮೂತ್ರಪರೀಕ್ಷೆಯೂ ಅಳೆದ ವಿಕಿರಣದ ಲೆಕ್ಕವು ಕೆಲಸ ಬಿಡುವ ದಿನವೇ ಕನ್ನಡದಲ್ಲಿ ಪ್ರತಿಯೊಬ್ಬ ಗುತ್ತಿಗೆ ಕಾರ್ಮಿಕನ ಕೈಸೇರಬೇಕು. ಆ ಚೀಟಿ ತೋರಿಸಿದವನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ, ಬದುಕಿರುವವರೆಗೂ, ರಕ್ತಕಣಗಳ ಎಣಿಕೆ ನಡೆಯಬೇಕು. ಖರ್ಚು ಕರೆಂಟು ಮಾರುವವರದು.