ಕವಾಟ ಯಾವಾಗ ತೆರೆಯಬೇಕು?

2025ರ ಅಕ್ಟೋಬರ್ 27ರ ಸಂಜೆ ಕುಂಬಳೆ ಸಮೀಪದ ಅನಂತಪುರದ ಪ್ಲೈವುಡ್ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು, ಅಸ್ಸಾಮಿನಿಂದ ದುಡಿಯಲು ಬಂದಿದ್ದ ತರುಣನೊಬ್ಬ ಅಸುನೀಗಿದ, ಹಲವರು ಗಾಯಗೊಂಡರು. ಅಲ್ಲಿ ತಪ್ಪು ಯಾರದೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಬಾಯ್ಲರಿನ ನೆರೆಯಲ್ಲಿ ಬಾಳುವವರು ಸೇಫ್ಟಿ ವಾಲ್ವ್, ಅಂದರೆ ಸುರಕ್ಷಾ ಕವಾಟದ ವಿಚಾರವನ್ನು ಅರಿತಿರುವುದು ಒಳ್ಳೆಯದು. ಸಮಡೋಳಿಯಂತಹ ಊರುಗಳಿರುವ ಸಾಂಗ್ಲಿ-ಮಿರಜಿನ ಕಬ್ಬಿನ ಸೀಮೆಯ ಕನ್ನಡಿಗರಿಗೂ ಈ ಮಾತು ಸಲ್ಲುತ್ತದೆ. ಸಕ್ಕರೆ ಕಾರ್ಖಾನೆ ನಡೆಯುವುದೂ ಉಗಿಯಿಂದಲೇ.

ಮನೆಯ ಕುಕ್ಕರಿನಲ್ಲಿ ಉಗಿಯನ್ನು ತಡೆಯುವುದು ಮೇಲಿಟ್ಟ ತೂಕ. ಬಾಯ್ಲರಿನ ಕವಾಟದಲ್ಲಿ ಹೆಚ್ಚಾಗಿ ಸ್ಪ್ರಿಂಗ್. ಅದನ್ನು ಎಷ್ಟು ಬಿಗಿಯಬೇಕೆಂಬುದೇ ಪ್ರಶ್ನೆ. ಬಾಯ್ಲರಿಗೆ ಅನುಮತಿಯಿರುವ ಗರಿಷ್ಠ ಒತ್ತಡ ಚದರ ಸೆಂಟಿಮೀಟರಿಗೆ 10 ಕಿಲೋ ಎಂದಿಟ್ಟುಕೊಳ್ಳೋಣ. ಕವಾಟವು ಅದನ್ನು ಮೀರದೆ ತೆರೆಯಬೇಕು. ನಿತ್ಯದ ಕೆಲಸ 9ರ ಆಸುಪಾಸಿನಲ್ಲೇ ನಡೆಯಬೇಕು. ಈ ಅಂತರ ದಂಡವೆಂದು ಬಗೆದು 9.8ರಲ್ಲಿ ಓಡಿಸಿದರೆ ಕವಾಟ ಸದಾ ಬುಸುಗುಡುತ್ತದೆ, ಅದರ ಪೀಠ ಸವೆಯುತ್ತದೆ. ಸೌದೆ ನಷ್ಟವಾಯಿತೆಂದು ಯಾರೋ ಸ್ಪಾನರ್ ಹಿಡಿದು ಸ್ಪ್ರಿಂಗ್ ಬಿಗಿಯುತ್ತಾರೆ. ಅಪಾಯ ಒಳಹೊಗುವುದು ಆಗಲೇ.

ಅಂಕೆ ಸರಿಯಿದ್ದರೂ ಸಾಲದು. ಕವಾಟದ ಬಾಯಿ ಚಿಕ್ಕದಾದರೆ, ಅದು ತೆರೆದ ಮೇಲೂ ಒತ್ತಡ ಏರುತ್ತಲೇ ಇರುತ್ತದೆ. ಪೂರ್ಣ ಬೆಂಕಿಯಲ್ಲೂ ಏರಿಕೆ ನೂರಕ್ಕೆ ಹತ್ತನ್ನು ಮೀರಬಾರದೆಂಬ ನಿಯಮ ಅದಕ್ಕಾಗಿಯೇ ಇದೆ. ಹೊರಬಂದದ್ದು ಎಲ್ಲಿಗೆ ಹೋಗುತ್ತದೆಂಬುದೂ ಮುಖ್ಯ. 1984ರಲ್ಲಿ ಭೋಪಾಲದ ಟ್ಯಾಂಕಿನ ರಕ್ಷಣಾ ಬಿಲ್ಲೆ ಒಡೆಯಿತು, ಕವಾಟವೂ ತೆರೆಯಿತು, ಟ್ಯಾಂಕು ಸಿಡಿಯಲಿಲ್ಲ. ಊರು ಮಾತ್ರ ಉಳಿಯಲಿಲ್ಲ.

1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದ ಬಳಿಕ ಮರುವರ್ಷ ಬಂಗಾಳದಲ್ಲಿ ಕಾನೂನು ಬಂತು. 1923ರ ಕಾಯಿದೆಯ ಸ್ಥಾನದಲ್ಲಿ ಈಗ 2025ರ ಬಾಯ್ಲರ್ ಕಾಯಿದೆಯಿದೆ. ಕೆಲವು ತಪ್ಪುಗಳನ್ನು ಕ್ರಿಮಿನಲ್ ಶಿಕ್ಷೆಯಿಂದ ಹೊರಗಿಟ್ಟ ಈ ಕಾಯಿದೆ, ಸುರಕ್ಷಾ ಕವಾಟವನ್ನು ಕೆಡಿಸಿದವನಿಗೆ ಎರಡು ವರ್ಷದವರೆಗಿನ ಸಜೆ, ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ಉಳಿಸಿಕೊಂಡಿದೆ. ಇದು ಯೋಗ್ಯವೇ ಸರಿ.

ಆದರೆ ಕವಾಟ ಮುಟ್ಟಬೇಡವೆಂಬ ಸೂಚನೆ, ಬೆಂಕಿಗೆ ಸೌದೆ ಹಾಕುವವನಿಗೆ ಓದಲು ಬರಬೇಕಲ್ಲ? ಬಾಯ್ಲರ್ ಕೋಣೆಯ ಗೋಡೆಯಲ್ಲಿ ಗರಿಷ್ಠ ಒತ್ತಡ, ಕವಾಟ ತೆರೆಯುವ ಒತ್ತಡ, ಪರೀಕ್ಷೆಯ ದಿನಾಂಕ, ಇವಿಷ್ಟನ್ನು ಮಲಯಾಳ, ಕನ್ನಡಗಳ ಜತೆಗೆ ಹಿಂದಿ, ಅಸ್ಸಾಮಿ ಭಾಷೆಗಳಲ್ಲೂ ಬರೆಸಬೇಕೆಂದು ನಾವು ಜಿಲ್ಲಾಡಳಿತವನ್ನು ಕೋರುತ್ತೇವೆ. ಒಂದು ಡಬ್ಬ ಬಣ್ಣದ ಖರ್ಚು ಅದಕ್ಕೆ.